ಎಡದ್ದು, ಬಲದ್ದು

ಸವಡಿಯ ಯಾವ ಓಣಿಗೆ ಹೋದರೂ ನಾಲ್ಕು ಮನೆಗೊಬ್ಬ ದೊಡ್ಡವ್ವ ಸಿಗುತ್ತಾಳೆ. ಕಟ್ಟೆ ಇಳಿಯುವಾಗ ಗೋಡೆ ಹಿಡಿದು "ಶಿವಶಿವಾ" ಎನ್ನುವವಳು, ಹಿತ್ತಲ ಬಾಗಿಲು ದಾಟಿದ್ದೇ ತಡ, ಬದನೆ ಗಿಡದ ಬುಡದಲ್ಲಿರುತ್ತಾಳೆ. ಅಲ್ಲಿಗೆ ಹೇಗೆ ಹೋದಳೆಂದು ಕಂಡವರಿಲ್ಲ. ನಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದಾಳೆ.

ನಮ್ಮ ದೊಡ್ಡವ್ವನಿಗೆ ಮೊಣಕಾಲುಗಳೆಂದರೆ ಎತ್ತಿನ ಜೋಡಿ. "ಬಲದ್ದು ಛಲೋ ಐತಿ, ಹೇಳಿದಂಗ ಕೇಳತೈತಿ. ಎಡದ್ದು ಮೈಗಳ್ಳ, ಮುಂಜಾನೆ ಅರ್ಧಾ ತಾಸು ಎಬ್ಬಿಸಿದ್ರೂ ಏಳಂಗಿಲ್ಲ." ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೀಲಿನ ನಡುವಿನ ಮೆದು ಎಲುಬು ಸವೆದಿದೆ ಎಂದರು. ಆಕೆಗೆ ಅದೇನು ಹೊಸ ಸುದ್ದಿ? "ಕುಂಟಿ ಕುಡಾನ ಸವೀತೈತಿ ಸಾಹೇಬ್ರ, ಇದು ಎಲುಬಲ್ಲೇನ್ರಿ?" ಊರಲ್ಲಿ ಬ್ರಹ್ಮದೇವರ ಹಳೆಯ ಗುಡಿಯಿದೆ. ಮೈ ಮಾಡಿದವನೇ ಊರಲ್ಲಿರುವಾಗ ತಕರಾರು ಬೇರೆಲ್ಲಿ ಕೊಡಬೇಕು? ಗುಡಿ ಮುಂದೆ ಕೈ ಮುಗಿದವಳು ಅದೇ ಕೈಯಿಂದ ಎಡ ಮೊಣಕಾಲನ್ನೂ ತೋರಿಸಿ ಬರುತ್ತಾಳೆ.

2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ತುಂಬ ಹಬ್ಬಿದಾಗ ಓಣಿಗೆ ಓಣಿಯೇ ಬಗ್ಗಿ ನಡೆದಿತ್ತು. ಆಫ್ರಿಕದ ಮಕೊಂಡೆ ಭಾಷೆಯಿಂದ ಬಂದ ಆ ಹೆಸರಿಗೆ ಬಗ್ಗಿ ಮುರುಟುವುದು ಎಂದರ್ಥ ಎಂದು ಹೇಳಿದೆ. ದೊಡ್ಡವ್ವ ಕೇಳಿದಳು, "ಹಂಗಾರ ಅಲ್ಲಿನೂ ಕಸಾ ತಗೀತಾರೇನು?"

ಡಾಕ್ಟರು ಎರಡು ಮಾತು ಹೇಳಿದ್ದರು: ತುದಿಗಾಲ ಮೇಲೆ ಕೂತು ಬಗ್ಗಬೇಡಿ, ಕಾಲು ಮಾತ್ರ ಆಡಿಸುತ್ತಿರಿ, ಕೂತಲ್ಲೇ ಕೂತರೆ ಇನ್ನೂ ಬಿಗಿಯುತ್ತದೆ. ಮೊದಲನೆಯದು ಮಗನಿಗೆ ಕೇಳಿಸಿತು, ಎರಡನೆಯದು ಅವ್ವನಿಗೆ. ಮಗ ಅರ್ಧ ಹಿತ್ತಲಿಗೆ ಫರಸಿ ಹಾಸಿಬಿಟ್ಟ. ದೊಡ್ಡವ್ವ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಆಕೆಯ ಕಣ್ಣು ಗ್ವಾದಲಿಯ ಮೇಲೆ ಬಿತ್ತು. ಎತ್ತು ಮಾರಿ ಟ್ರ್ಯಾಕ್ಟರ್ ಬಂದಾಗಿನಿಂದ ಅದು ಖಾಲಿ ಬಿದ್ದಿತ್ತು. ಅದಕ್ಕೆ ಎರೆಮಣ್ಣು, ತಿಪ್ಪೆಗೊಬ್ಬರ ತುಂಬಿಸಿ ಮೆಂತ್ಯ, ಕಿರಕಸಾಲಿ ಬಿತ್ತಿದಳು. ಮಗ ರೇಗಿದ್ದಕ್ಕೆ, "ನಾ ಎಲ್ಲಿ ಬಗ್ಗೀನೋ? ಪಲ್ಯಾನ ಮ್ಯಾಲೆ ಬಂದೈತಿ" ಎಂದಳು. ಪರದೇಶದಲ್ಲಿ ಕೀಲುನೋವಿನವರಿಗೆಂದೇ ಸೊಂಟದೆತ್ತರದ ಮಡಿ ಕಟ್ಟಿಸುತ್ತಾರೆ. ಇಲ್ಲಿ ಎತ್ತುಗಳು ಬಿಟ್ಟುಹೋಗಿದ್ದವು. ಕುರ್ಚಿಗಿಯ ಹಿಡಿಕೆಗೂ ಹಳೆಯ ಇಳಕಲ್ ಸೀರೆಯ ಚಿಂದಿ ಸುತ್ತಿ ಸುತ್ತಿ ಬಾಳೆಕಾಯಿಯಷ್ಟು ದಪ್ಪ ಮಾಡಿದ್ದಾಳೆ. ಬೆರಳು ಬಿಗಿ ಹಿಡಿಯುವ ಕಷ್ಟವಿಲ್ಲ.

ಔಷಧವೂ ಮೂರು ಬಗೆ. ಔಡಲ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಿದ ಎಕ್ಕೆ ಎಲೆ, ಯಾರೋ ತಂದುಕೊಟ್ಟ ಕಪ್ಪತಗುಡ್ಡದ ಬೇರು, ಡಾಕ್ಟರ ಗುಳಿಗೆ. ನೋವು ಇಳಿದರೆ ಹೆಸರು ಎಕ್ಕೆಗೆ, ಇಳಿಯದಿದ್ದರೆ ಬೈಗುಳ ಗುಳಿಗೆಗೆ.

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ ಎಂದು ತಿಳಿಸಿದಾಗಲೂ ಬೈಸಿಕೊಂಡೆ. ನಮ್ಮಲ್ಲಿ ಅದು ಚಿತ್ತಿ ಮಳೆಯ ಕಾಲ. "ಹಿಂಗಾರಿ ಬಿತ್ತಿಗಿ ಹೊತ್ತಿನ್ಯಾಗ ಯಾರು ಇಟ್ಟಾರೋ ಈ ಹಬ್ಬಾನ? ಯಾರಿಗೆ ಪುರುಸೊತ್ತೈತಿ?"

ಇಷ್ಟಾದರೂ ನೆಲದ ಮೇಲಿನ ಕಸ ನೆಲದಲ್ಲೇ ಇರುತ್ತದಲ್ಲ. ಅದಕ್ಕೆ ಆಕೆ ಪರರ ಮೊಣಕಾಲು ಬಳಸುತ್ತಾಳೆ. "ಬಾರಪಾ, ಈ ಬದ್ನಿ ಗಿಡಕ್ಕ ಏನಾಗೇತಿ ನೋಡು" ಎಂದು ಕರೆದರೆ, ಗಿಡಕ್ಕೆ ಏನೂ ಆಗಿರುವುದಿಲ್ಲ. ಬುಡದಲ್ಲಿ ಜೇಕು ಎದ್ದಿರುತ್ತದೆ. ನೋಡಲು ಬಗ್ಗಿದವನು ಒಂದೆರಡು ಕೀಳದೆ ಏಳುವುದು ಮರ್ಯಾದೆಯಲ್ಲ. ಕಿತ್ತರೆ ಗಡ್ಡೆ ಒಳಗೇ ಉಳಿದು, ವಾರದಲ್ಲಿ ಮತ್ತೆ ಚಿಗುರಿ, ಮುಂದಿನ ನೆಂಟನಿಗಾಗಿ ಕಾಯುತ್ತದೆ. ಕರೆಂಟ್ ಮೀಟರ್ ನೋಡಲು ಬಂದ ಹುಡುಗನೂ ಒಂದು ಮಡಿ ಹಸನು ಮಾಡಿ ಹೋಗಿದ್ದಾನೆ.

ಮೊನ್ನೆ ಸರದಿ ನನ್ನದು. ಅರ್ಧ ತಾಸು ಕಿತ್ತು ಮೇಲೇಳುವಾಗ ನನ್ನ ಮೊಣಕಾಲು ಲಟಕ್ಕೆಂದಿತು. ಟಿವಿ ಎಷ್ಟು ಜೋರಿಟ್ಟರೂ ಕೇಳದ ದೊಡ್ಡವ್ವನ ಕಿವಿಗೆ ಅದು ಗ್ವಾದಲಿಯ ತನಕ ಕೇಳಿಸಿತು.

"ಯಾವುದೋ?"

"ಬಲದ್ದು, ದೊಡ್ಡವ್ವಾ."

ಆಕೆಯ ಮುಖ ಅರಳಿತು. "ನಿಂದು ಎಡದ್ದು ಛಲೋ ಐತಿ, ನಂದು ಬಲದ್ದು. ಜೋಡಿ ಆತು ಬಿಡು. ನಾಳೆ ಮೂಲಂಗಿ ಮಡಿ ಹೂಡೂಣು."