ಉಪ್ಪುನೀರಿನ ಸಾಲಾವಳಿ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿಗೆ ಪ್ರಾಚೀನ ರಾಜನೀತಿಜ್ಞರು ಮತ್ಸ್ಯನ್ಯಾಯವೆಂದು ಹೆಸರಿಟ್ಟಿದ್ದು, ದಂಡ ಹಿಡಿದ ಅರಸನಿಲ್ಲದ ನಾಡಿನಲ್ಲಿ ಬಲಾಢ್ಯನು ದುರ್ಬಲನನ್ನು ಉಳಿಯಗೊಡುವುದಿಲ್ಲವೆಂದು ಹೇಳುವಾಗ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಈ ಹೋಲಿಕೆಯನ್ನೇ ಬಳಸಿದ್ದಾನೆ. ಆದರೆ ಕೌಟಿಲ್ಯನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ, ಹೆಬ್ಬೆರಳುದ್ದದ ನೀಲಿ ಡ್ಯಾಮ್ಸೆಲ್ ಮೀನೊಂದು ತನಗಿಂತ ನಾಲ್ಕು ಪಟ್ಟು ದೊಡ್ಡ ಮೀನನ್ನು ಮೂಲೆಗೊತ್ತಿ, ಮೂರು ದಿನ ಮೇವು ಮುಟ್ಟದಂತೆ ಕಾವಲು ಕಾಯುವುದನ್ನು ಕಂಡು ಆ ಅಧ್ಯಾಯವನ್ನು ತಿದ್ದಿ ಬರೆಯುತ್ತಿದ್ದನು.

ಹೊನ್ನಾಳಿಯಂಥ ಊರಿನಲ್ಲಿ ಸಮುದ್ರವನ್ನು ಸಾಕಹೊರಡುವುದಕ್ಕೆ ಮೊದಲು ಭೂಗೋಳವೇ ಅಡ್ಡ ಬರುತ್ತದೆ. ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಅರಬ್ಬಿ ಸಮುದ್ರ ಅಷ್ಟೇನೂ ದೂರವಿಲ್ಲದ ಜಾಗದಲ್ಲಿ ಹುಟ್ಟಿಯೂ ಹತ್ತಿರದ ಕಡಲಿಗೆ ಬೆನ್ನುಹಾಕಿ, ಕೂಡ್ಲಿಯಲ್ಲಿ ಯಾವ ಪಂಚಾಂಗವನ್ನೂ ಕೇಳದೆ ಒಂದಾಗಿ, ಹೊನ್ನಾಳಿಯನ್ನು ಹಾದು, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಯನ್ನು ಸೇರುವುದರಿಂದ, ಈ ಊರಿನ ನೀರಿಗೆ ಸಮುದ್ರದರ್ಶನವಾಗಬೇಕಾದರೆ ದಖ್ಖನ್ನಿನ ಉದ್ದಕ್ಕೂ ನಡೆಯಬೇಕು. ಇಲ್ಲಿನವರಿಗೆ ಮೀನೆಂದರೆ ಹೊಳೆಯ ಮೀನು, ಪಕ್ಕದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಮೀನು, ತಪ್ಪಿದರೆ ಘಟ್ಟದ ಕೆಳಗಿನಿಂದ ಮಂಜುಗಡ್ಡೆಯೊಡನೆ ಬರುವ ಬಂಗುಡೆ, ಭೂತಾಯಿ. ಇವುಗಳ ಹೊಂದಾಣಿಕೆಯ ಪ್ರಶ್ನೆ ಎದ್ದರೆ ಅದು ಮಸಾಲೆಗೆ ಸಂಬಂಧಿಸಿದ್ದು.

ಇಷ್ಟಾದರೂ ಅಡಿಕೆ ದರ ಏರಿದ ಒಂದು ವರ್ಷ ಹೊನ್ನಾಳಿಯ ಗೃಹಸ್ಥನೊಬ್ಬನು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ನಡುಮನೆಯಲ್ಲಿ ಸ್ಥಾಪಿಸಿದನೆಂದು ಇಟ್ಟುಕೊಳ್ಳಬಹುದು. ಈ ಗೃಹಸ್ಥನಿಗೂ ಪ್ರಬಂಧಕಾರನಿಗೂ ಇರುವ ಸಂಬಂಧವನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಆ ತೊಟ್ಟಿಗೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ, ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ 24 ಕಿಲೋ ಉಪ್ಪು ಬೇಕಾಗುತ್ತದೆ, ಅದೂ ಅಡುಗೆಮನೆಯ ಡಬ್ಬಿಯ ಉಪ್ಪಾಗಿರದೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಮೊದಲಾದವುಗಳನ್ನು ಲೆಕ್ಕ ಹಾಕಿ ಬೆರೆಸಿದ ಕೃತಕ ಸಮುದ್ರಲವಣವಾಗಿರಬೇಕು. ಏಳು ಕ್ವಿಂಟಲಿನಷ್ಟು ತೂಗುವ ಈ ನೀರಿನ ಬದಲು ಅಷ್ಟೇ ತೂಕದ ಅಡಿಕೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ ಮುಂದಿನ ವರ್ಷದ ದರವಾದರೂ ಸಿಗುತ್ತಿತ್ತು ಎಂಬ ಗೃಹಿಣಿಯ ಅಭಿಪ್ರಾಯವನ್ನು ವಿದ್ವಾಂಸರು ಈವರೆಗೆ ಖಂಡಿಸಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಜನ ನೀತಿಯೆಂದು ತಿಳಿದಿದ್ದಾರೆ. ವಾಸ್ತವವಾಗಿ ಅದು ಕಡಲ ಮೀನಿನ ಶರೀರಶಾಸ್ತ್ರ. ಮೀನಿನ ರಕ್ತಕ್ಕಿಂತ ಸುತ್ತಲಿನ ನೀರು ಹೆಚ್ಚು ಉಪ್ಪಾಗಿರುವಲ್ಲಿ ಮೈಯೊಳಗಿನ ನೀರು ಕಿವಿರುಗಳ ಮೂಲಕ ಹೊರಕ್ಕೆ ಜಿನುಗುತ್ತಲೇ ಇರುತ್ತದೆ, ಪಠ್ಯಪುಸ್ತಕಗಳು ಅಭಿಸರಣೆ ಎಂದು ಕರೆಯುವ ಈ ಸೋರಿಕೆಯನ್ನು ತುಂಬಿಕೊಳ್ಳಲು ಕಡಲ ಮೀನು ಹಗಲಿರುಳು ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದಲೇ ಹೊರದಬ್ಬುತ್ತದೆ. ಹೊಳೆಯ ಮೀನಿನ ಕಷ್ಟ ಇದಕ್ಕೆ ತದ್ವಿರುದ್ಧ. ಬೇಡವೆಂದರೂ ಮೈಯೊಳಕ್ಕೆ ನುಗ್ಗುವ ನೀರನ್ನು ಅದು ಮೂತ್ರವಾಗಿ ಹೊರಹಾಕುತ್ತಲೇ ಇರಬೇಕು. ಆದಕಾರಣ ಹೊಳೆಯ ಗೆಂಡೆಗೂ ಕಡಲ ಮೀನಿಗೂ ಸಂಬಂಧ ಕುದುರಿಸುವ ಮಾತು ಮೊದಲ ಕಂತಿನಲ್ಲೇ ಬಿದ್ದುಹೋಗುತ್ತದೆ.

ನೀರು ತಯಾರಾದ ಮಾತ್ರಕ್ಕೆ ಮೀನು ಬರುವಂತಿಲ್ಲ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ವಿಷವನ್ನು ನೈಟ್ರೈಟಾಗಿಯೂ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಆ ಅವಧಿಯಲ್ಲಿ ಗೃಹಸ್ಥನು ದೀಪ ಹಾಕಿಕೊಂಡು ಬರಿಯ ನೀರನ್ನು ನೋಡುತ್ತ ಕೂರಬೇಕು. ನೆರೆಮನೆಯ ಅಜ್ಜಿಯು ಗಾಜಿಗೆ ಮೂಗು ಒತ್ತಿ ನೋಡಿ, “ಇದರಾಗೆ ಏನೈತಪ್ಪಾ?” ಎಂದು ಕೇಳಿ, ಬ್ಯಾಕ್ಟೀರಿಯಾ ಬೆಳೆಯುತ್ತಿವೆ ಎಂಬ ಉತ್ತರ ಪಡೆದು, ಮರುಮಾತಿಲ್ಲದೆ ಸೆರಗಿನಿಂದ ಮೂಗು ಒರೆಸಿಕೊಂಡು ಹೋಗುವುದು ಈ ಹಂತದ ಮುಖ್ಯ ಲಕ್ಷಣ.

ಇನ್ನು ಸಾಲಾವಳಿ. ವಧೂವರರ ಜಾತಕಗಳನ್ನು ಎದುರುಬದುರು ಇಟ್ಟು ಕೂಡುತ್ತದೆಯೋ ಇಲ್ಲವೋ ಎಂದು ನೋಡುವ ಈ ಕ್ರಮದಲ್ಲಿ ಗಣ, ನಾಡಿ ಮುಂತಾದ ಕೂಟಗಳು ಬರುವಂತೆ, ಮತ್ಸ್ಯ ಸಾಲಾವಳಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಾಯಿಕೂಟ, ಎಂದರೆ ಒಂದರ ಬಾಯಿಯೊಳಗೆ ಇನ್ನೊಂದು ಹಿಡಿಯುತ್ತದೆಯೇ ಎಂಬುದು. ವಿಷಮುಳ್ಳುಗಳನ್ನು ಚಾಮರದಂತೆ ಹರಡಿಕೊಂಡು ಸಾವಕಾಶವಾಗಿ ತೇಲುವ ಲಯನ್ ಫಿಶ್ ಯಾರ ತಂಟೆಗೂ ಹೋಗದ ಸಾಧುವಿನಂತೆ ಕಾಣುತ್ತದೆ. ಅದು ಜಗಳಗಂಟಿಯಲ್ಲ ಎಂಬುದೂ ನಿಜ, ಏಕೆಂದರೆ ನುಂಗಿದ ಮೇಲೆ ಜಗಳವಾಡಲು ಎದುರಾಳಿಯೇ ಉಳಿದಿರುವುದಿಲ್ಲ. ಎರಡನೆಯದು ಗೋತ್ರ. ಸಗೋತ್ರ ವಿವಾಹ ನಿಷಿದ್ಧವಾಗಿರುವಂತೆಯೇ ಒಂದೇ ಆಕಾರ, ಒಂದೇ ಬಣ್ಣ, ಒಂದೇ ಮೇವಿನ ಮೀನುಗಳ ಸಹವಾಸ ನಿಷಿದ್ಧ. ಬಾಲದ ಬುಡದಲ್ಲಿ ಶಸ್ತ್ರಚಿಕಿತ್ಸೆಯ ಚಾಕುವಿನಂಥ ಮುಳ್ಳನ್ನು ಇಟ್ಟುಕೊಂಡಿರುವ ಕಾರಣ ಸರ್ಜನ್ ಮೀನು ಎನಿಸಿಕೊಂಡ ಟ್ಯಾಂಗ್ ಜಾತಿಯವು ಬೇರೆ ಮೀನನ್ನು ಕಂಡರೆ ಹೋಗಲಿ ಎನ್ನುತ್ತವೆ, ತಮ್ಮಂತೆಯೇ ಇರುವ ಟ್ಯಾಂಗನ್ನು ಕಂಡರೆ ಚಾಕು ತೆಗೆಯುತ್ತವೆ. ದಾಯಾದಿ ಮತ್ಸರವನ್ನು ಬಲ್ಲ ಹೊನ್ನಾಳಿ ಸೀಮೆಯ ಹೊಲದ ಬದುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ನಿಯಮಕ್ಕೆ ಅಪವಾದ ಕ್ಲೌನ್ ಮೀನು, 2003ರ ‘ಫೈಂಡಿಂಗ್ ನೀಮೋ’ ಚಲನಚಿತ್ರದ ನಂತರ ಮಕ್ಕಳೆಲ್ಲ ಗುರುತು ಹಿಡಿಯುವ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಜೀವಿ. ಇದರ ಮರಿಗಳು ಗಂಡಾಗಿ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡನ ಸ್ಥಾನ ಪಡೆಯುತ್ತದೆ, ಹೆಣ್ಣು ಸತ್ತರೆ ಗಂಡನೇ ಹೆಣ್ಣಾಗಿ ಸಂಸಾರದ ಹೊಣೆ ಹೊರುತ್ತಾನೆ. ಆದ್ದರಿಂದ ಎರಡು ಮರಿಗಳನ್ನು ತಂದು ಬಿಟ್ಟರೆ ಸಾಕು, ಯಾರು ಏನಾಗಬೇಕೆಂಬುದನ್ನು ಅವೇ ತೀರ್ಮಾನಿಸಿಕೊಳ್ಳುತ್ತವೆ. ದಲ್ಲಾಳಿಗೆ ಇಲ್ಲಿ ಕೆಲಸವಿಲ್ಲ. ಇದೇ ಹೊಳೆಯ ಕೆಳಗಿನ ಹರಿಹರದಲ್ಲಿ, ಹೊಯ್ಸಳರ ಕಾಲದ ಗುಡಿಯಲ್ಲಿ, ಹರಿಯೂ ಹರನೂ ಒಂದೇ ವಿಗ್ರಹವನ್ನು ಅರ್ಧರ್ಧ ಹಂಚಿಕೊಂಡು ನಿಂತಿರುವುದನ್ನು ಹೊಂದಾಣಿಕೆಯ ಪರಮಾವಧಿ ಎನ್ನುವುದಾದರೆ, ಅದಕ್ಕೆ ಹತ್ತಿರ ಬರುವ ಮೀನು ಇದೊಂದೇ.

ಊಟದ ಸಾಲಾವಳಿ ಪ್ರತ್ಯೇಕ. ಚಿಟ್ಟೆಮೀನುಗಳಲ್ಲಿ ಕೆಲವು ಹವಳದ ಜೀವಿಗಳನ್ನಲ್ಲದೆ ಬೇರೇನನ್ನೂ ಮೂಸುವುದಿಲ್ಲ. ಹವಳವೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ, ಅದೇ ರಕ್ಷಣೆಯಲ್ಲಿ ಕಡಲ ಕುದುರೆಯೂ ಇರುವುದರಿಂದ ಮಕ್ಕಳು ಎಷ್ಟು ಹಟ ಹಿಡಿದರೂ ಅದನ್ನು ಮನೆಗೆ ತರುವಂತಿಲ್ಲ. ಉಳಿದ ಮೀನುಗಳ ಮೈಯ ಹೇನು ಹೆಕ್ಕಿ ಬದುಕುವ ಕ್ಲೀನರ್ ರಾಸ್ ಎಂಬ ಪುಟ್ಟ ಮೀನು ಹವಳದ ದಿಬ್ಬಗಳಲ್ಲಿ ಕ್ಷೌರದಂಗಡಿಯನ್ನೇ ಇಟ್ಟಿರುತ್ತದೆ, ನುಂಗಿ ಬದುಕುವ ಮುರು ಮೀನುಗಳೂ ಅಲ್ಲಿ ಸರದಿ ನಿಂತು ಬಾಯಿ ತೆರೆದು ಹಲ್ಲು ಸ್ವಚ್ಛ ಮಾಡಿಸಿಕೊಂಡು ಹೋಗುತ್ತವೆ. ಆದರೆ ಎಂಟೇ ಗಿರಾಕಿಗಳಿರುವ ತೊಟ್ಟಿಯಲ್ಲಿ ಅಂಗಡಿ ನಡೆಯದೆ ಅದು ಸೊರಗುತ್ತದೆ. ಇದೇ ವೇಷ ಹಾಕಿಕೊಂಡು ಬಂದು, ಗಿರಾಕಿ ಕಣ್ಣು ಮುಚ್ಚಿದ ಕೂಡಲೇ ಮಾಂಸ ಕಚ್ಚಿ ಓಡುವ ಬ್ಲೆನಿ ಎಂಬ ಇನ್ನೊಂದು ಮೀನಿದೆ. ಅದಕ್ಕೆ ಸಮನಾದವರು ಹೊನ್ನಾಳಿಯಲ್ಲಿದ್ದಾರೆಯೇ ಎಂಬ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟೆಲ್ಲ ಕೂಟಗಳನ್ನು ನೋಡಿದ ಮೇಲೂ ತಪ್ಪುವುದು ಎಲ್ಲಿ ಎಂದರೆ ಮನೆತುಂಬಿಸಿಕೊಳ್ಳುವ ಸರದಿಯಲ್ಲಿ. ಸಾಧುಗಳನ್ನು ಮೊದಲು, ಪುಂಡರನ್ನು ಕಡೆಗೆ ಬಿಡಬೇಕೆಂಬುದು ಬಲ್ಲವರ ಮತ. ಹೊನ್ನಾಳಿಯ ಗೃಹಸ್ಥನಾದರೋ ಡ್ಯಾಮ್ಸೆಲ್ ಅಗ್ಗ, ಗಟ್ಟಿ ಜೀವ, ಹೊಸ ನೀರನ್ನೂ ತಾಳಿಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ಅದನ್ನೇ ಮೊದಲು ತಂದುಬಿಟ್ಟನು. ಒಂದು ತಿಂಗಳು ಏಕಾಂಗಿಯಾಗಿ ಅನುಭೋಗದಲ್ಲಿದ್ದ ಅದು ಆರಡಿ ಸಮುದ್ರದ ಪಹಣಿಯನ್ನು ತನ್ನ ಹೆಸರಿಗೆ ಮಾಡಿಕೊಂಡಿತು. ಆಮೇಲೆ ಬಂದವರೆಲ್ಲ ಅದರ ಕಣ್ಣಿಗೆ ಒತ್ತುವರಿದಾರರು. ಇಂಥ ಸಂದರ್ಭಕ್ಕೆ ಮತ್ಸ್ಯಪಾಲಕರು ಬಳಸುವ ಉಪಾಯಗಳು ಮೂರು ನಾಲ್ಕಿವೆ: ಹೊಸಬನನ್ನು ಕೆಲವು ದಿನ ರಂಧ್ರವಿರುವ ಪೆಟ್ಟಿಗೆಯಲ್ಲಿಟ್ಟು ಹಳಬರಿಗೆ ಮುಖದರ್ಶನ ಮಾಡಿಸುವುದು, ಗಾಜಿನ ಹೊರಗೆ ಕನ್ನಡಿ ನಿಲ್ಲಿಸಿ ಪುಂಡನು ತನ್ನ ಪ್ರತಿಬಿಂಬದ ಜೊತೆ ಕಾದಾಡಿ ದಣಿಯುವಂತೆ ಮಾಡುವುದು, ಒಳಗಿನ ಬಂಡೆಗಳನ್ನೆಲ್ಲ ಕದಲಿಸಿ ಹೊಸದಾಗಿ ಜೋಡಿಸುವುದು. ಕಡೆಯದು ಒಂದು ಬಗೆಯ ಮರುಸರ್ವೆ. ಗುರುತಿನ ಕಲ್ಲುಗಳು ಸ್ಥಳಾಂತರಗೊಂಡ ಮೇಲೆ ಹಳೆಯ ಹಕ್ಕುಗಳೆಲ್ಲ ರದ್ದಾಗಿ, ಎಲ್ಲರೂ ಹೊಸಬರಾಗಿ, ಅರ್ಜಿ ಹಿಡಿದವರಂತೆ ತಬ್ಬಿಬ್ಬಾಗಿ ಅಡ್ಡಾಡುತ್ತಾರೆ. ಮೊಣಕೈವರೆಗೆ ಉಪ್ಪುನೀರಿನಲ್ಲಿ ಕೈಯಿಟ್ಟು ಬಂಡೆ ಜೋಡಿಸುವ ಗೃಹಸ್ಥನ ಹೆಬ್ಬೆರಳಿಗೆ ಡ್ಯಾಮ್ಸೆಲ್ ಹೊಡೆಯುವ ಪೆಟ್ಟು ಜೋಳದ ಕಾಳು ಸಿಡಿದು ತಗುಲಿದಷ್ಟಿರುತ್ತದೆ. ನೋವಿಗಿಂತ ಅವಮಾನ ಹೆಚ್ಚು.

ಬೇಸಿಗೆಯಲ್ಲಿ ಈ ಸಮುದ್ರ ದಿನಕ್ಕಿಷ್ಟೆಂದು ಇಂಗುತ್ತದೆ. ಆವಿಯಾಗುವುದು ನೀರೇ ಹೊರತು ಉಪ್ಪಲ್ಲವಾದ್ದರಿಂದ ಮೇಲೆ ಸುರಿಯಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಉಪ್ಪುನೀರನ್ನೇ ಸುರಿಯುತ್ತ ಹೋದರೆ ತೊಟ್ಟಿ ಕ್ರಮೇಣ ಉಪ್ಪಿನಕಾಯಿಯ ಭರಣಿಯಾಗುತ್ತದೆ. ಇದಕ್ಕಿಂತ ದೊಡ್ಡ ಸಂಕಟ ಕರೆಂಟಿನದು. ಏಪ್ರಿಲ್ ತಿಂಗಳ ನಡುರಾತ್ರಿ ಕರೆಂಟು ಹೋಗಿ, ಇನ್ವರ್ಟರೂ ಕೈಕೊಟ್ಟು, ಪಂಪುಗಳು ನಿಂತು, ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ಇಳಿಯತೊಡಗಿದಾಗ ಗೃಹಸ್ಥನು ಸ್ಟೂಲು ಹತ್ತಿ ತಂಬಿಗೆಯಲ್ಲಿ ನೀರನ್ನು ಮೊಗೆದು ಎತ್ತರದಿಂದ ಸುರಿಯುತ್ತಾನೆ, ಗೃಹಿಣಿಯು ಮೊಬೈಲಿನ ಟಾರ್ಚು ಹಿಡಿಯುತ್ತಾಳೆ. ಆ ಬೆಳಕಿನಲ್ಲಿ ಕಾಣುವುದೇನೆಂದರೆ, ಟ್ಯಾಂಗ್, ಕ್ಲೌನ್ ದಂಪತಿ, ಮೂಲೆಗೆ ಬಿದ್ದಿದ್ದ ಹೊಸಬ, ಮತ್ತು ಸಾಕ್ಷಾತ್ ಡ್ಯಾಮ್ಸೆಲ್, ಎಲ್ಲವೂ ನೀರಿನ ಮೇಲ್ಮೈಗೆ ಬಂದು, ಬೆಳಗಿನ ಶಿವಮೊಗ್ಗ ಬಸ್ಸಿನ ಪ್ರಯಾಣಿಕರಂತೆ ಮೈಗೆ ಮೈ ತಾಗಿಸಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತಿರುತ್ತವೆ. “ನೋಡ್ರೀ, ಎಷ್ಟು ಚೆನ್ನಾಗಿ ಹೊಂದ್ಕಂಡಾವೆ,” ಎಂದು ಗೃಹಿಣಿಯು ಮೊದಲ ಬಾರಿಗೆ ಮೆಚ್ಚಿ ನುಡಿಯುವಷ್ಟರಲ್ಲಿ ಕರೆಂಟು ಬರುತ್ತದೆ, ಪಂಪು ಗುರುಗುಟ್ಟುತ್ತದೆ, ಡ್ಯಾಮ್ಸೆಲ್ ಎರಡು ಸುತ್ತು ಹಾಕಿ ತನ್ನ ಬಂಡೆಗೆ ಇಳಿದು, ಹೊಸಬನ ಬಾಲಕ್ಕೆ ಬಾಯಿ ಹಾಕುತ್ತದೆ.