ಗುಲಗಂಜಿಯಷ್ಟು ಗ್ರೇಟರ್

ಸಂತೆಯಲ್ಲಿ ಏನೇ ಕೊಂಡರೂ ಮೇಲೊಂದು ಕೊಸರು ಕೇಳುವುದು ನಮ್ಮ ವಂಶದ ಗುಣ. ಇಂಗ್ಲಿಷಿಗೂ ನಾನು ಹಾಗೇ ಕೊಸರು ಹಾಕುತ್ತ ಬಂದವನು. ‘ಟಾಲರ್’ ಎಲ್ಲಿ ಕಮ್ಮಿ ಬಿದ್ದೀತೋ ಎಂದು ‘ಮೋರ್ ಟಾಲರ್’. ‘ಓಲ್ಡೆಸ್ಟ್’ ಬರಿಗೈಲಿ ಹೋಗಬಾರದೆಂದು ‘ಮೋಸ್ಟ್ ಓಲ್ಡೆಸ್ಟ್’. ಕನ್ನಡದಲ್ಲಿ ಒಂದು ‘ಗಿಂತ’ ಅಂಟಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಚಿಕ್ಕ ಪದಕ್ಕೆ ಬಾಲ, ಉದ್ದ ಪದಕ್ಕೆ ಕೊಂಬು. ಎರಡೂ ಇಟ್ಟರೆ ತಪ್ಪಂತೆ.

ಅಣ್ಣನ ಮಗಳು ಬೆಂಗಳೂರಿನಿಂದ ತನ್ನ ಆಫೀಸಿನ ಲಂಡನ್ ಮೇಡಂ ಒಬ್ಬರನ್ನು ಕರೆತಂದಾಗ ನಂಜನಗೂಡು ತೋರಿಸಲು ನಾನೇ ಮೇಲೆ ಬಿದ್ದು ಹೊರಟೆ. ಕಪಿಲೆಯ ಹಳೇ ಸೇತುವೆಯ ಹತ್ತಿರ ನಿಂತು ಎದೆಯುಬ್ಬಿಸಿದೆ: ‘ದಿಸ್ ಈಸ್ ದಿ ಮೋಸ್ಟ್ ಓಲ್ಡೆಸ್ಟ್ ಬ್ರಿಡ್ಜ್ ಇನ್ ಇಂಡಿಯಾ. 1735!’

ಆಯಮ್ಮ ಹಿಂದಿನ ವಾರವಷ್ಟೇ ಕಾಶಿ ಕಡೆ ಸುತ್ತಿ ಬಂದಿದ್ದರು. ಜೌನ್‌ಪುರದಲ್ಲಿ ಅಕ್ಬರನ ಕಾಲದ ಸೇತುವೆ ದಾಟಿದ್ದರಂತೆ, 1560ರ ದಶಕದ್ದು. ಬಲು ಮೆತ್ತಗೆ ಹೇಳಿದರು.

‘ಒನ್ ಆಫ್ ದಿ ಅಂತ ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಚಿಕ್ಕಪ್ಪ?’ ಎಂದಳು ಅಣ್ಣನ ಮಗಳು.

ನಂಜುಂಡನ ದೇವಸ್ಥಾನದ ಒಂಬತ್ತು ಅಂತಸ್ತಿನ, 120 ಅಡಿಯ ಗೋಪುರದ ಕೆಳಗೆ ಮತ್ತೆ ಉಮೇದು ಬಂತು. ದಕ್ಷಿಣ ಕಾಶಿ, ‘ಮೋಸ್ಟ್ ಗ್ರೇಟೆಸ್ಟ್ ಪ್ಲೇಸ್’ ಎಂದೆ. ಮೇಡಂ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡರು. ಅದನ್ನು ಆಗಲೇ ಕಿತ್ತುಕೊಳ್ಳಬೇಕಿತ್ತು. ಸೊರಗು ರೋಗ ಬಡಿದ ಮೇಲೆ ಅಪರೂಪವಾದ ರಸಬಾಳೆಯನ್ನು ಹುಡುಕಿ ತಂದುಕೊಟ್ಟೆ. ತಿಂದು ‘ಗುಡ್’ ಎಂದರು. ‘ನೋ ಮೇಡಂ, ಮೋರ್ ಬೆಟರ್’ ಎಂದು ತಿದ್ದಿದೆ.

ತಿ. ನರಸೀಪುರದ ಬಸ್ಸಿನಲ್ಲಿ ಅಣ್ಣನ ಮಗಳು ದಾರಿಯುದ್ದಕ್ಕೂ ಪಾಠ ಮಾಡಿದಳು. ಬಾಲವೋ ಕೊಂಬೋ, ಒಂದೇ. ನಾನು ಮಗ್ಗಿಯಂತೆ ಬಾಯಿಪಾಠ ಹೊಡೆದೆ.

ಕಾವೇರಿ-ಕಪಿಲೆಯರ ಸಂಗಮ ನೋಡಿಕೊಂಡು ಗುಂಜಾ ನರಸಿಂಹಸ್ವಾಮಿ ಗುಡಿಗೆ ಹೋದೆವು. ‘ಕಾಶಿ ಈಸ್ ಗ್ರೇಟ್. ದಿಸ್ ಈಸ್ ಗ್ರೇಟರ್!’ ಎಂದೆ. ಅಣ್ಣನ ಮಗಳು ನನ್ನನ್ನು ಮೊದಲ ಸಲ ನೋಡಿದವಳಂತೆ ನೋಡಿದಳು.

‘ಹೌ ಮಚ್ ಗ್ರೇಟರ್?’ ಎಂದರು ಮೇಡಂ.

‘ಒನ್ ಗುಲಗಂಜಿ’ ಎಂದೆ.

ಸುಳ್ಳಲ್ಲ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಂಬಿಕೆ. ಸ್ವಾಮಿಯ ಬೆರಳ ನಡುವೆ ಗುಲಗಂಜಿಯೂ ಇದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕೆಂಪು ಮೈ, ಕಪ್ಪು ಮೂತಿಯ ಬೀಜ ಎಂದು ಕೈಸನ್ನೆಯಲ್ಲೇ ತಿಳಿಸಿದೆ. ಮೇಡಂ ಬರೆದುಕೊಂಡರು. ಆಮೇಲೆ ಹಾಳೆ ಹಿಂದಕ್ಕೆ ತಿರುವಿದರು. ನಂಜನಗೂಡು ಮೋಸ್ಟ್ ಗ್ರೇಟೆಸ್ಟ್. ಇದು ಕಾಶಿಗಿಂತ ಗ್ರೇಟರ್. ‘ಸೋ, ವಿಚ್ ಈಸ್ ದಿ ಗ್ರೇಟೆಸ್ಟ್?’

ಎದುರಿಗೆ ಉಗ್ರಾವತಾರದ ಸ್ವಾಮಿ. ಅತ್ತ ಮನೆದೇವರು ನಂಜುಂಡ. ಮಂಗಳಾರತಿ ತಟ್ಟೆ ಹಿಡಿದ ಅರ್ಚಕರೂ ಉತ್ತರಕ್ಕೆ ಕಾದು ನಿಂತರು. ಅವರಿಗೂ ಇಂಗ್ಲಿಷ್ ಬರುತ್ತಿತ್ತು. ಅಷ್ಟರಲ್ಲಿ ಪುಣ್ಯಕ್ಕೆ ಹೊರಗೆಲ್ಲೋ ಬಸ್ಸಿನ ಹಾರನ್ ಕೇಳಿಸಿತು. ಗಂಟೆ ಇನ್ನೂ ಮಧ್ಯಾಹ್ನ ಹನ್ನೆರಡೂವರೆ.

‘ಕಮ್ ಮೇಡಂ, ಕಮ್ ಮೋರ್ ಫಾಸ್ಟರ್! ದಟ್ ಈಸ್ ದಿ ಲಾಸ್ಟೆಸ್ಟ್ ಬಸ್!’