ಬಿಸಿಲೂರಿಗೊಂದು ಗಟ್ಟಿ ಲ್ಯಾಪ್‌ಟಾಪ್

ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟಿತೆಂದರೆ ಲ್ಯಾಪ್‌ಟಾಪಿನ ಫ್ಯಾನು ಒದರತೊಡಗುತ್ತದೆ. ಜೊತೆಗೆ ಸುರಪುರದ ರಸ್ತೆಯ ಧೂಳು ಸೇರಿದರೆ ಕೇಳುವುದೇ ಬೇಡ.

1996ರಲ್ಲಿ ಪ್ಯಾನಾಸೋನಿಕ್ ತಂದ ಟಫ್‌ಬುಕ್ ಇಂಥ ಊರಿಗೆಂದೇ ಹುಟ್ಟಿದಂತಿದೆ. ಮೈಮೇಲೆ ಐಪಿ65 ಎಂದಿದ್ದರೆ, 6 ಅಂದರೆ ಧೂಳು ಒಳನುಗ್ಗದು. 5 ಅಂದರೆ ಪೈಪಿನಿಂದ ಚಿಮ್ಮುವ ನೀರಿಗೂ ಜಗ್ಗದು. ಹೊಸದರ ಬೆಲೆ ಕೇಳಿದರೆ ಮಾತ್ರ ಶಹಾಪುರದ ಬೆಟ್ಟಸಾಲಿನ ಮಲಗಿದ ಬುದ್ಧನೂ ಎದ್ದು ಕೂತಾನು!

ಹಾಗಾಗಿ ಸೆಕೆಂಡ್‌ಹ್ಯಾಂಡೇ ಗತಿ. ಹಳೆಯ ಹಾರ್ಡ್‌ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕೂರಿಸಬಹುದು. ಪ್ರೊಸೆಸರಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಹೊಸದು ಅಕ್ಕಿಕಾಳಿನಷ್ಟು ಹಚ್ಚಿದರೆ ಸಾಕು. ಮುಚ್ಚುವಾಗ ಅಂಚಿನ ರಬ್ಬರ್ ಪಟ್ಟಿ ಕೊಂಚ ಸರಿಯಿತೋ, ಐಪಿ65 ಬರೀ ಸ್ಟಿಕರ್.

ಅಂಗೈಯಲ್ಲಿ ಎರಡು ಸ್ಕ್ರೂ ಉಳಿದರೆ, "ಕಂಪನಿಯವ್ರು ಹೆಚ್ಚಿಗಿ ಹಾಕಿರ್ತಾರ ಬಿಡ್ರಿ" ಎನ್ನುವ ಧೈರ್ಯಸ್ಥರಿಗೇನೂ ಕೊರತೆಯಿಲ್ಲ.